ಭೂಕಂಪ ಎಲ್ಲಿ ಆಯ್ತು, ಎಷ್ಟು ದೊಡ್ಡದು? ಮೂರು ಊರಿನ ದಾಖಲೆಯಿಂದ ಕೈಯಲ್ಲೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಾಲಿನಲ್ಲಿ ಏಳೆಂಟು ಜನ ಸೇರುತ್ತೇವೆ. ಪಿಯುಸಿ ಮಕ್ಕಳು, ಇಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ರಿಟೈರ್ ಆದ ಎಂಜಿನಿಯರ್. ಮೂರು ಸ್ಟೇಷನ್ನುಗಳ ಸೀಸ್ಮೋಗ್ರಾಮ್, ಅಂದರೆ ನೆಲದ ಅಲುಗಾಟವನ್ನು ಯಂತ್ರ ಬರೆದಿಟ್ಟ ಗೆರೆ, ಮುಂದೆ ಇಟ್ಟುಕೊಂಡು ಭೂಕಂಪ ಎಲ್ಲಿ ಆಯಿತು, ಎಷ್ಟು ದೊಡ್ಡದು ಅಂತ ಲೆಕ್ಕ ಹಾಕುತ್ತೇವೆ. ಲಾಗ್ ಒಂದನ್ನು ಬಿಟ್ಟರೆ ಗಣಿತವೆಲ್ಲ ಕೂಡು, ಕಳೆ, ಗುಣಿಸು ಅಷ್ಟೇ. ಆದರೂ ಹೊಸದಾಗಿ ಬಂದವರಲ್ಲಿ ಹೆಚ್ಚಿನವರಿಗೆ ಉತ್ತರ ತಪ್ಪಾಗುತ್ತದೆ. ತಪ್ಪಾಗುವ ಜಾಗಗಳೂ ಪ್ರತಿ ಸಲ ಅವೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕೈವಾರ ಹಿಡಿದು ವೃತ್ತ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾರೆ. ಆದರೆ ತಪ್ಪು ಒಳಗೆ ಬರುವುದು ಅಲ್ಲಲ್ಲ. ಅದಕ್ಕಿಂತ ಮೂರು ಹಂತ ಮುಂಚೆ, ಅಲೆ ಯಾವ ಕ್ಷಣ ಬಂತು ಅಂತ ಗುರುತು ಹಾಕುವಾಗ. ಈ ಬರಹದಲ್ಲಿ ಆ ಹಂತದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಇನ್ನೊಂದು, ಪದಗಳ ವಿಷಯ. ನಮ್ಮ ಪತ್ರಿಕೆಗಳಲ್ಲಿ 'ತೀವ್ರತೆ' ಅನ್ನುವ ಪದವನ್ನು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಾರೆ. ಭೂಕಂಪದ ಮೂಲದಲ್ಲಿ ಎಷ್ಟು ದೊಡ್ಡ ಬಿರುಕು ಜಾರಿತು ಅನ್ನುವುದು ಒಂದು. ಅದನ್ನು ಇಲ್ಲಿ ಮ್ಯಾಗ್ನಿಟ್ಯೂಡ್ ಅಂತ ಕರೆಯುತ್ತೇನೆ. ನಿಮ್ಮ ಮನೆ ಎಷ್ಟು ಅಲುಗಿತು ಅನ್ನುವುದು ಇನ್ನೊಂದು. ಅದು ಊರಿಂದ ಊರಿಗೆ, ಮಣ್ಣಿಂದ ಮಣ್ಣಿಗೆ ಬದಲಾಗುತ್ತದೆ. ಮ್ಯಾಗ್ನಿಟ್ಯೂಡ್ ಒಂದು ಭೂಕಂಪಕ್ಕೆ ಒಂದೇ.

ಬೇಕಾಗುವ ಸಾಮಾನು

ಕನಿಷ್ಠ ಮೂರು ಸ್ಟೇಷನ್ನಿನ ದಾಖಲೆ ಬೇಕು. ಮೂರೂ ಬೇರೆ ಬೇರೆ ದಿಕ್ಕಿನಲ್ಲಿರಬೇಕು. ಹೈದರಾಬಾದಿನ ಎಚ್‌ವೈಬಿ, ಶ್ರೀಲಂಕಾದ ಪಲ್ಲೆಕೆಲೆಯ ಪಿಎಎಲ್‌ಕೆ ಸ್ಟೇಷನ್ನುಗಳ ದಾಖಲೆಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದು. ರಾಸ್ಪ್‌ಬೆರಿ ಶೇಕ್ ಅನ್ನುವ ಸಣ್ಣ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಂಡವರ ದಾಖಲೆಗಳೂ ತೆರೆದೇ ಇರುತ್ತವೆ. ಅಲೆಗಳನ್ನು ಹಿಗ್ಗಿಸಿ ನೋಡಲು ಪೈಥಾನ್ ಭಾಷೆಯ ಒಬ್ಸ್‌ಪೈ ಅನ್ನುವ ತಂತ್ರಾಂಶ ಸಾಕು.

ಕಾಗದದ ಕಡೆಯಿಂದ: ದೊಡ್ಡ ಹಾಳೆಯ ಮೇಲೆ ಕರ್ನಾಟಕದ ನಕ್ಷೆ, ಗಟ್ಟಿ ತಿರುಪಿನ ಕೈವಾರ, ಸ್ಕೇಲು, ಚೂಪಾದ ಪೆನ್ಸಿಲ್, ಲಾಗ್ ಇರುವ ಕ್ಯಾಲ್ಕುಲೇಟರ್. ಕೈವಾರದ ತಿರುಪು ಸಡಿಲವಾಗಿದ್ದರೆ ವೃತ್ತ ಮುಗಿಯುವಷ್ಟರಲ್ಲಿ ಕಾಲು ಎರಡು ಮಿಲಿಮೀಟರ್ ಅಗಲವಾಗಿರುತ್ತದೆ. ನಕ್ಷೆಯಲ್ಲಿ 1 ಸೆಂಟಿಮೀಟರಿಗೆ 20 ಕಿಲೋಮೀಟರ್ ಇದ್ದರೆ ಅದು 4 ಕಿಲೋಮೀಟರ್ ತಪ್ಪು. ನಕ್ಷೆಯನ್ನು ಪ್ರಿಂಟ್ ತೆಗೆದಾಗ ಅಳತೆ ಬದಲಾಗಿರಬಹುದು. ಬೆಂಗಳೂರು–ಮೈಸೂರು ನೇರ ದೂರ ಸುಮಾರು 127 ಕಿಲೋಮೀಟರ್. ಸ್ಕೇಲು ಇಟ್ಟು ಅದು ಸರಿ ಬರುತ್ತದಾ ನೋಡಿಕೊಳ್ಳಿ. ರಸ್ತೆಯ ದೂರ ಇದಕ್ಕಿಂತ ಜಾಸ್ತಿ, ಅದು ಇಲ್ಲಿ ಕೆಲಸಕ್ಕೆ ಬಾರದು.

ಹಂತ 1: ಇದು ಭೂಕಂಪವೇ ಅಂತ ಮೊದಲು ನೋಡಿ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಅರ್ಧ ಊರಿಗೆ ಭಾರಿ ಸದ್ದು ಕೇಳಿಸಿತು. ಕಿಟಕಿಗಳು ಅದುರಿದವು. ಭೂಕಂಪ ಅಂತಲೇ ಎಲ್ಲರೂ ಅಂದುಕೊಂಡರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳಲ್ಲಿ ಭೂಕಂಪದ ಗುರುತೇ ಇರಲಿಲ್ಲ. ವಾಯುಪಡೆಯ ವಿಮಾನವೊಂದು ಪರೀಕ್ಷೆಗಾಗಿ ಶಬ್ದಕ್ಕಿಂತ ವೇಗವಾಗಿ ಹಾರಿದಾಗ ಬಂದ ಸದ್ದು ಅದು ಅಂತ ರಕ್ಷಣಾ ಇಲಾಖೆ ಆಮೇಲೆ ತಿಳಿಸಿತು. ಗಾಳಿಯಲ್ಲಿ ಬರುವ ಅಲೆ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಂಡೆಯೊಳಗಿನ ಅಲೆ ಸೆಕೆಂಡಿಗೆ 6 ಕಿಲೋಮೀಟರ್. ಹಾಗಾಗಿ ಎರಡು ಸ್ಟೇಷನ್ನುಗಳ ನಡುವೆ ಅಲೆ ಎಷ್ಟು ನಿಧಾನವಾಗಿ ಸಾಗಿದೆ ಅಂತ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ನಮ್ಮ ಸುತ್ತಮುತ್ತ ಇದಕ್ಕಿಂತ ಜಾಸ್ತಿ ಮೋಸ ಮಾಡುವುದು ಕಲ್ಲು ಕ್ವಾರಿ. ಸ್ಫೋಟವೂ ನೆಲದೊಳಗೇ ಅಲೆ ಎಬ್ಬಿಸುತ್ತದೆ. ಗುರುತುಗಳು ಇವು: ಯಾವಾಗಲೂ ಹಗಲಿನಲ್ಲೇ, ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಸ್ಫೋಟ ಎಲ್ಲ ಕಡೆಗೂ ಹೊರಕ್ಕೆ ತಳ್ಳುವುದರಿಂದ ಎಲ್ಲ ಸ್ಟೇಷನ್ನಿನಲ್ಲೂ ಮೊದಲ ಅಲುಗಾಟ ಮೇಲ್ಮುಖವಾಗಿಯೇ ಇರುತ್ತದೆ. ಆಮೇಲೆ ನಿಧಾನವಾಗಿ ಬರುವ ಎಸ್ ಅಲೆ (ಹಂತ 3ರಲ್ಲಿ ಹೇಳುತ್ತೇನೆ) ಸೊರಗಿರುತ್ತದೆ. ಭೂಕಂಪದಲ್ಲಿ ಕೆಲವು ಕಡೆ ಮೇಲೆ, ಕೆಲವು ಕಡೆ ಕೆಳಗೆ ಇರುತ್ತದೆ, ಎಸ್ ಅಲೆ ದಪ್ಪಗಿರುತ್ತದೆ.

ಒಂದೇ ಸ್ಟೇಷನ್ನಿನಲ್ಲಿ ಮಾತ್ರ ಕಂಡರೆ ಅದನ್ನು ಅಲ್ಲಿಗೇ ಬಿಡಿ. ನನ್ನ ಮನೆಯ ಮೆಟ್ಟಿಲ ಕೆಳಗಿರುವ ಯಂತ್ರದಲ್ಲಿ ಪಕ್ಕದ ಮನೆಯವರ ದೋಸೆ ಹಿಟ್ಟಿನ ಗ್ರೈಂಡರ್ ದಿನಾ ಸಂಜೆ ಏಳಕ್ಕೆ ಬರುತ್ತದೆ. ಗೆರೆ ಒಮ್ಮೆಲೇ ದಪ್ಪ ಆಗುತ್ತದೆ, ಇಪ್ಪತ್ತೈದು ನಿಮಿಷ ಒಂದೇ ದಪ್ಪದಲ್ಲಿ ಹೋಗುತ್ತದೆ, ಒಮ್ಮೆಲೇ ನಿಲ್ಲುತ್ತದೆ. ಭೂಕಂಪ ಹಾಗೆ ನಿಲ್ಲುವುದಿಲ್ಲ. ಅದರ ಬಾಲ ನಿಧಾನವಾಗಿ ಸಣ್ಣಗಾಗುತ್ತಾ ಹೋಗುತ್ತದೆ.

ಹಂತ 2: ಗಡಿಯಾರ ಸರಿಮಾಡಿಕೊಳ್ಳಿ

ಪ್ರಪಂಚದ ಎಲ್ಲ ಸೀಸ್ಮೋಗ್ರಾಮ್‌ಗಳೂ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿರುತ್ತವೆ. ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಬೇಕು. ಇದು ಎಲ್ಲರಿಗೂ ಗೊತ್ತು. ತಪ್ಪುವುದು ತಾರೀಕಿನಲ್ಲಿ.

ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 55 ನಿಮಿಷ ಕಳೆದ ಮೇಲೆ. ಯುಟಿಸಿಯಲ್ಲಿ ಅದು ಸೆಪ್ಟೆಂಬರ್ 29ರ ರಾತ್ರಿ 10 ಗಂಟೆ 25 ನಿಮಿಷ. 30ನೇ ತಾರೀಕು ಹಾಕಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಇಲ್ಲವೇ ಆಮೇಲೆ ಬಂದ ಸಣ್ಣ ಕಂಪನ ಸಿಗುತ್ತದೆ, ಅದನ್ನೇ ದೊಡ್ಡದು ಅಂದುಕೊಂಡು ಲೆಕ್ಕ ಶುರುಮಾಡುತ್ತಾರೆ. ಬೆಳಗಿನ ಐದೂವರೆಗೆ ಮುಂಚೆ ಆದ ಯಾವುದೇ ಭೂಕಂಪಕ್ಕೆ ತಾರೀಕು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಇದನ್ನು ಹಾಳೆಯ ಮೇಲ್ಗಡೆ ಬರೆದಿಟ್ಟುಕೊಳ್ಳಿ.

ಹಂತ 3: ಪಿ ಅಲೆಯ ಮೊದಲ ಅಲುಗಾಟ ಗುರುತಿಸಿ

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಭೂಕಂಪದಿಂದ ಎರಡು ಬಗೆಯ ಅಲೆ ಒಂದೇ ಹೊತ್ತಿಗೆ ಹೊರಡುತ್ತವೆ. ಪಿ ಅಲೆ ಬಂಡೆಯನ್ನು ಹಿಂಡಿ ಬಿಡುತ್ತಾ ಮುಂದೆ ಹೋಗುತ್ತದೆ, ವೇಗ ಜಾಸ್ತಿ. ಎಸ್ ಅಲೆ ಅಡ್ಡಡ್ಡ ಅಲುಗಿಸುತ್ತಾ ಹೋಗುತ್ತದೆ, ನಿಧಾನ. ಮೆಜೆಸ್ಟಿಕ್‌ನಿಂದ ಒಟ್ಟಿಗೆ ಹೊರಟ ನಾನ್‌ಸ್ಟಾಪ್ ಬಸ್ಸು ಮತ್ತು ಶಟಲ್ ಬಸ್ಸಿನ ಹಾಗೆ. ನೆಲಮಂಗಲದಲ್ಲಿ ಎರಡರ ನಡುವೆ ಅಂತರ ಕಡಿಮೆ, ತುಮಕೂರಿನಲ್ಲಿ ಜಾಸ್ತಿ, ಸಿರಾದಲ್ಲಿ ಇನ್ನೂ ಜಾಸ್ತಿ. ಅಂತರ ಗೊತ್ತಾದರೆ ಎಷ್ಟು ದೂರದಿಂದ ಬಂದವು ಅಂತ ಹೇಳಬಹುದು, ಅಲ್ವಾ? ನಮ್ಮ ಲೆಕ್ಕದ ಜೀವಾಳ ಅದೇ.

ಒಳ್ಳೆಯ ಸ್ಟೇಷನ್ನಿನಲ್ಲಿ ಮೂರು ಗೆರೆ ಇರುತ್ತವೆ: ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ. ಪಿ ಅಲೆ ಹೆಚ್ಚಾಗಿ ಕೆಳಗಿನಿಂದ ತಳ್ಳುವುದರಿಂದ ಮೇಲೆ-ಕೆಳಗಿನ ಗೆರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನೇ ತೆರೆಯಿರಿ.

ಕ್ರಮ ಹೀಗಿರಲಿ. ಮೊದಲು ಐದು ನಿಮಿಷದ ದಾಖಲೆ ಒಟ್ಟಿಗೆ ನೋಡಿ, ಎಲ್ಲಿ ಗಲಾಟೆ ಶುರುವಾಗಿದೆ ಅಂತ ಅಂದಾಜು ಮಾಡಿ. ಆಮೇಲೆ ಆ ಜಾಗದ ಸುತ್ತ 10 ಸೆಕೆಂಡು ಮಾತ್ರ ತೆರೆಯ ಮೇಲೆ ಹಿಗ್ಗಿಸಿ. ಎತ್ತರವನ್ನೂ ಹಿಗ್ಗಿಸಿ. ದೊಡ್ಡ ಅಲೆ ತೆರೆಯಿಂದ ಆಚೆ ಹೋದರೂ ಪರವಾಗಿಲ್ಲ. ಈಗ ಭೂಕಂಪಕ್ಕೆ ಮುಂಚಿನ ಸುಮ್ನೆ ಇರುವ ಗೆರೆಯನ್ನು ನೋಡಿ. ಅದೂ ಪೂರ್ತಿ ಸುಮ್ಮನಿರುವುದಿಲ್ಲ, ಸಣ್ಣಗೆ ನಡುಗುತ್ತಿರುತ್ತದೆ. ಆ ನಡುಕದ ಎತ್ತರವನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಅಲ್ಲಿಂದ ಬಲಕ್ಕೆ ಬನ್ನಿ. ಗೆರೆ ಆ ಎತ್ತರವನ್ನು ಮೀರಿ ಹೊರಟು ಮತ್ತೆ ಹಿಂದಿನ ಸ್ಥಿತಿಗೆ ಬಾರದೇ ಇರುವ ಮೊದಲ ಜಾಗ ಇದೆಯಲ್ಲ, ಅದೇ ಪಿ.

ಹೊಸಬರು ಮಾಡುವ ತಪ್ಪು ಒಂದೇ: ಕಣ್ಣಿಗೆ ಹೊಡೆಯುವ ಮೊದಲ ದೊಡ್ಡ ಶಿಖರಕ್ಕೆ ಗುರುತು ಹಾಕುತ್ತಾರೆ. ಪಿ ಶುರುವಾಗುವುದು ಅದಕ್ಕಿಂತ ಒಂದೆರಡು ಸೆಕೆಂಡು ಮುಂಚೆ, ಚಿಕ್ಕದಾಗಿ. ನಮ್ಮ ಗುಂಪಿಗೆ ಬಂದಿದ್ದ ಒಬ್ಬ ಹುಡುಗಿ ಮೂರು ವಾರ ಇಲ್ಲೇ ಸಿಕ್ಕಿಕೊಂಡಿದ್ದಳು. ನಾಲ್ಕನೇ ವಾರ ಅವಳ ಮುಂದೆ ತೆರೆಯನ್ನು ಪೂರ್ತಿ ಹಿಗ್ಗಿಸಿ, ದೊಡ್ಡ ಶಿಖರದ ಮೇಲೆ ಒಂದು ಚೀಟಿ ಅಂಟಿಸಿ ಮುಚ್ಚಿಬಿಟ್ಟೆ. ಚೀಟಿಯ ಎಡಕ್ಕೆ ಅರ್ಧ ಅಕ್ಕಿಕಾಳಿನಷ್ಟು ಒಂದು ಏರು ಇತ್ತು. 'ಅಂಕಲ್, ಇದು ಇಷ್ಟು ಹೊತ್ತೂ ಇಲ್ಲೇ ಇತ್ತಾ?' ಅಂದಳು. ಅಲ್ಲೇ ಇತ್ತು. ಚೀಟಿಯ ಉಪಾಯವನ್ನು ನೀವೂ ಮಾಡಿ, ಕೆಲಸ ಮಾಡುತ್ತದೆ.

ಒಂದು ಸೆಕೆಂಡು ತಪ್ಪಿದರೆ ಏನು ಮಹಾ ಅನ್ನಬೇಡಿ. ಮುಂದಿನ ಹಂತದಲ್ಲಿ ಪ್ರತಿ ಸೆಕೆಂಡಿಗೂ 8 ಕಿಲೋಮೀಟರ್ ಬೆಲೆ ಇದೆ.

ಬೆಂಗಳೂರಿನ ದಾಖಲೆಗಳಲ್ಲಿ ಒಂದು ಕಷ್ಟ ಇದೆ. ಬಸ್ಸು, ಮೆಟ್ರೊ, ಕಟ್ಟಡದ ಕೆಲಸ ಎಲ್ಲ ಸೇರಿ ಹಗಲಿನ ನಡುಕವೇ ದಪ್ಪಗಿರುತ್ತದೆ. ಸಣ್ಣ ಪಿ ಅದರಲ್ಲಿ ಮುಳುಗಿಹೋಗುತ್ತದೆ. ಬೇಡದ ನಡುಕವನ್ನು ಸೋಸುವ ಫಿಲ್ಟರ್ ಹಾಕಿ ನೋಡಬಹುದು, ಆದರೆ ಮೂರೂ ಸ್ಟೇಷನ್ನಿಗೆ ಒಂದೇ ಫಿಲ್ಟರ್ ಹಾಕಿ. ಫಿಲ್ಟರ್ ಅಲೆಯ ಶುರುವಾತನ್ನು ಸ್ವಲ್ಪ ಜರುಗಿಸುತ್ತದೆ. ಎಲ್ಲ ಕಡೆ ಒಂದೇ ಥರ ಜರುಗಿದರೆ ಹಾನಿ ಕಡಿಮೆ.

ಪಿ ಎಷ್ಟು ಖಚಿತ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ: '±0.2 ಸೆಕೆಂಡು' ಅಥವಾ '±1 ಸೆಕೆಂಡು' ಅಂತ. ಆಮೇಲೆ ವೃತ್ತಗಳು ಸೇರದೇ ಹೋದಾಗ ಯಾವುದನ್ನು ಅನುಮಾನಿಸಬೇಕು ಅಂತ ಈ ಟಿಪ್ಪಣಿಯೇ ಹೇಳುತ್ತದೆ.

ಹಂತ 4: ಎಸ್ ಅಲೆ ಗುರುತಿಸಿ

ಎಸ್‌ಗೆ ಅಡ್ಡ ಗೆರೆಗಳನ್ನು, ಅಂದರೆ ಉತ್ತರ-ದಕ್ಷಿಣ ಮತ್ತು ಪೂರ್ವ-ಪಶ್ಚಿಮದ ಗೆರೆಗಳನ್ನು ತೆರೆಯಿರಿ. ಅದು ಬರುವಾಗ ಪಿ ಅಲೆಯ ಬಾಲ ಇನ್ನೂ ಅಲುಗುತ್ತಿರುತ್ತದೆ. ಹಾಗಾಗಿ ಎತ್ತರ ಒಂದನ್ನೇ ನೋಡಬೇಡಿ. ಅಲೆಯ ಹೆಜ್ಜೆ ಬದಲಾಗುವುದನ್ನು ನೋಡಿ. ಪಿ ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತದೆ, ಎಸ್ ಬಂದ ಕೂಡಲೇ ಹೆಜ್ಜೆ ಉದ್ದವಾಗುತ್ತದೆ, ಎತ್ತರವೂ ಏರುತ್ತದೆ. ಎರಡು ಅಡ್ಡ ಗೆರೆಗಳಲ್ಲಿ ಬೇರೆ ಬೇರೆ ಹೊತ್ತು ಕಂಡರೆ ಮೊದಲು ಬಂದದ್ದನ್ನು ತೆಗೆದುಕೊಳ್ಳಿ.

ಎಚ್ಚರಿಕೆಯ ಗುರುತು: ಅಲೆಗಳ ತಲೆ ಚಾಕುವಿನಿಂದ ಕತ್ತರಿಸಿದ ಹಾಗೆ ಸಪಾಟಾಗಿದ್ದರೆ ಯಂತ್ರ ತನ್ನ ಮಿತಿ ಮುಟ್ಟಿದೆ ಅಂತ ಅರ್ಥ. ಸಮಯಕ್ಕೆ ಅದನ್ನು ಬಳಸಬಹುದು, ಮ್ಯಾಗ್ನಿಟ್ಯೂಡಿಗೆ ಖಂಡಿತ ಬೇಡ.

ಹಂತ 5: ಸಮಯದ ಅಂತರವನ್ನು ದೂರ ಮಾಡಿ

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಅಭ್ಯಾಸಕ್ಕಾಗಿ ನಾನೇ ಮಾಡಿದ ಲೆಕ್ಕ, ನಿಜವಾಗಿ ಆದ ಭೂಕಂಪ ಅಲ್ಲ. ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲಿ ಒಂದೊಂದು ಯಂತ್ರ ಇದೆ ಅಂದುಕೊಳ್ಳಿ.

ಶಿವಮೊಗ್ಗ: ಪಿ 10:15:16.8, ಎಸ್ 10:15:29.4. ಅಂತರ 12.6 ಸೆಕೆಂಡು.
ಮೈಸೂರು: ಪಿ 10:15:19.8, ಎಸ್ 10:15:34.7. ಅಂತರ 14.9 ಸೆಕೆಂಡು.
ಬೆಂಗಳೂರು: ಪಿ 10:15:24.8, ಎಸ್ 10:15:43.4. ಅಂತರ 18.6 ಸೆಕೆಂಡು.

ಅಂತರವನ್ನು 8ರಿಂದ ಗುಣಿಸಿ. ಶಿವಮೊಗ್ಗಕ್ಕೆ 101, ಮೈಸೂರಿಗೆ 119, ಬೆಂಗಳೂರಿಗೆ 149 ಕಿಲೋಮೀಟರ್.

8 ಎಲ್ಲಿಂದ ಬಂತು? ಭೂಮಿಯ ಮೇಲ್ಪದರದಲ್ಲಿ ಪಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಸುಮಾರು 3.4–3.5 ಕಿಲೋಮೀಟರ್ ಹೋಗುತ್ತದೆ. ಎರಡು ವೇಗಗಳ ಗುಣಲಬ್ಧವನ್ನು ಅವುಗಳ ವ್ಯತ್ಯಾಸದಿಂದ ಭಾಗಿಸಿದರೆ 8ರ ಆಸುಪಾಸು ಬರುತ್ತದೆ.

ಈ 8 ಎಲ್ಲ ಕಡೆ ನಡೆಯುವುದಿಲ್ಲ. ಇದು ಎರಡನೇ ದೊಡ್ಡ ತಪ್ಪು. ದಕ್ಷಿಣ ಭಾರತದಲ್ಲಿ ಮೇಲ್ಪದರದ ದಪ್ಪ ಸುಮಾರು 35–40 ಕಿಲೋಮೀಟರ್. ಭೂಕಂಪ ಸುಮಾರು 200 ಕಿಲೋಮೀಟರಿಗಿಂತ ದೂರ ಇದ್ದರೆ, ಕೆಳಗಿನ ಮ್ಯಾಂಟಲ್ ಅನ್ನುವ ಪದರಕ್ಕೆ ಇಳಿದು ಅಲ್ಲಿ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಓಡಿ ಮೇಲೆ ಬಂದ ಪಿ ಅಲೆಯೇ ಮೊದಲು ತಲುಪುತ್ತದೆ. ಸುತ್ತು ದಾರಿಯಾದರೂ ರಿಂಗ್ ರೋಡ್ ಹಿಡಿದವರು ಬೇಗ ತಲುಪಿದ ಹಾಗೆ. ಅಷ್ಟು ದೂರದ ಭೂಕಂಪಕ್ಕೆ 8ರಿಂದ ಗುಣಿಸಿದರೆ ದೂರ ಕಡಿಮೆ ಬರುತ್ತದೆ. ಭುಜ್‌ನಷ್ಟು ದೂರದಿಂದ, ಅಂದರೆ ಬೆಂಗಳೂರಿಗೆ ಸುಮಾರು 1,400 ಕಿಲೋಮೀಟರಿನಿಂದ ಬಂದ ಅಲೆಗೆ ಈ ಸೂತ್ರ ಹಾಕಿದರೆ ನೂರಾರು ಕಿಲೋಮೀಟರ್ ತಪ್ಪಾಗುತ್ತದೆ. ಅಂಥವಕ್ಕೆ ಜೆಫ್ರೀಸ್–ಬುಲೆನ್ ಅಥವಾ ಐಎಎಸ್‌ಪಿ91 ಅನ್ನುವ ಪ್ರಯಾಣ ಸಮಯದ ಕೋಷ್ಟಕ ಬಳಸಿ. ಒಬ್ಸ್‌ಪೈನಲ್ಲಿ ಅದು ಒಳಗೇ ಇದೆ. ಅಂತರ 25 ಸೆಕೆಂಡು ದಾಟಿತು ಅಂದರೆ 8ನ್ನು ಕೈಬಿಟ್ಟು ಕೋಷ್ಟಕ ಹಿಡಿಯಿರಿ.

ಹಂತ 6: ವೃತ್ತ ಎಳೆಯಿರಿ, ಆದರೆ ಬಲವಂತವಾಗಿ ಸೇರಿಸಬೇಡಿ

1 ಸೆಂಟಿಮೀಟರಿಗೆ 20 ಕಿಲೋಮೀಟರ್ ಇರುವ ನಕ್ಷೆಯಲ್ಲಿ ಶಿವಮೊಗ್ಗದಿಂದ 5.05, ಮೈಸೂರಿನಿಂದ 5.95, ಬೆಂಗಳೂರಿನಿಂದ 7.45 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ.

ಮೊದಲು ಬೆಂಗಳೂರು, ಮೈಸೂರಿನ ವೃತ್ತ ಎಳೆದು ನಿಲ್ಲಿಸಿ. ಅವೆರಡು ಎರಡು ಕಡೆ ಸೇರುತ್ತವೆ. ಒಂದು ಅರಸೀಕೆರೆಯ ಹತ್ತಿರ. ಇನ್ನೊಂದು ತಮಿಳುನಾಡಿನ ಅಂದಿಯೂರಿನ ಕಡೆ. ಎರಡೇ ಸ್ಟೇಷನ್ ಇದ್ದರೆ ಇವೆರಡರಲ್ಲಿ ಯಾವುದು ಅಂತ ಯಾರೂ ಹೇಳಲಾರರು. ಶಿವಮೊಗ್ಗದ ವೃತ್ತ ಎಳೆದಾಗ ಅದು ಅರಸೀಕೆರೆಯ ಹತ್ತಿರ ಹಾದುಹೋಗುತ್ತದೆ. ಅಂದಿಯೂರು ಶಿವಮೊಗ್ಗದಿಂದ 300 ಕಿಲೋಮೀಟರಿಗೂ ದೂರ, ಆ ವೃತ್ತ ಅಲ್ಲಿಗೆ ಮುಟ್ಟುವುದೇ ಇಲ್ಲ. ಮೂರನೇ ಸ್ಟೇಷನ್ ಯಾಕೆ ಬೇಕು ಅನ್ನುವುದು ಈ ಒಂದು ಕ್ಷಣದಲ್ಲಿ ಮಕ್ಕಳಿಗೆ ಅರ್ಥವಾಗಿಬಿಡುತ್ತದೆ. ನನಗೆ ತುಂಬಾ ಇಷ್ಟದ ಕ್ಷಣ ಅದು.

ನಿಜವಾದ ದಾಖಲೆಯಲ್ಲಿ ಮೂರು ವೃತ್ತಗಳು ಒಂದೇ ಚುಕ್ಕೆಯಲ್ಲಿ ಸೇರುವುದು ಬಲು ಅಪರೂಪ. ಸಣ್ಣ ತ್ರಿಕೋನ ಉಳಿಯುತ್ತದೆ. ಆಗ ಕೈ ಸುಮ್ಮನಿರುವುದಿಲ್ಲ. ಕೈವಾರವನ್ನು ಕೂದಲೆಳೆಯಷ್ಟು ಅಗಲ ಮಾಡಿ ಸೇರಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ಆ ತ್ರಿಕೋನ ನಿಮಗೆ ಏನೋ ಹೇಳುತ್ತಿದೆ.

ವೃತ್ತಗಳು ಒಂದರ ಮೇಲೊಂದು ಹಾಯ್ದು ನಡುವೆ ಎಲ್ಲಕ್ಕೂ ಸೇರಿದ ತುಂಡು ಉಳಿದರೆ, ಭೂಕಂಪ ನೆಲದಿಂದ ಆಳದಲ್ಲಿ ಆಗಿರಬಹುದು. ನೀವು ಅಳೆದದ್ದು ಆಳದ ನಾಭಿಗೆ, ಅಂದರೆ ಭೂಕಂಪ ಶುರುವಾದ ಜಾಗಕ್ಕೆ ಇರುವ ಓರೆ ದೂರ, ಎಳೆದದ್ದು ನೆಲದ ಮೇಲಿನ ದೂರ. ಹಾಗಾಗಿ ವೃತ್ತ ಸ್ವಲ್ಪ ದೊಡ್ಡದಾಗುತ್ತದೆ. ಒಂದು ವೃತ್ತ ಉಳಿದೆರಡನ್ನು ಮುಟ್ಟದೇ ಹಿಂದೆ ನಿಂತಿದ್ದರೆ ಆ ಸ್ಟೇಷನ್ನಿನ ಪಿ ಗುರುತು ತಡವಾಗಿದೆ. ಶಿವಮೊಗ್ಗದ ಪಿ 3 ಸೆಕೆಂಡು ತಡವಾಗಿ ಗುರುತಿಸಿದರೆ ತ್ರಿಜ್ಯ 101ರಿಂದ 77ಕ್ಕೆ ಇಳಿಯುತ್ತದೆ. ವೃತ್ತ ಅರಸೀಕೆರೆ ಮುಟ್ಟುವುದಿಲ್ಲ. ಹಂತ 3ಕ್ಕೆ ವಾಪಸ್ ಹೋಗಿ, ಗೆರೆಯನ್ನು ಮತ್ತೆ ಹಿಗ್ಗಿಸಿ.

ಸ್ಟೇಷನ್ನುಗಳು ಎಲ್ಲಿವೆ ಅನ್ನುವುದೂ ಮುಖ್ಯ. ಕೇಂದ್ರಬಿಂದುವಿನಲ್ಲಿ, ಅಂದರೆ ನಾಭಿಯ ನೇರ ಮೇಲಿನ ನೆಲದಲ್ಲಿ ನಿಂತು ಸುತ್ತ ನೋಡಿದರೆ ಎರಡು ಸ್ಟೇಷನ್ನುಗಳ ನಡುವೆ 180 ಡಿಗ್ರಿಗಿಂತ ಜಾಸ್ತಿ ಖಾಲಿ ಇರಬಾರದು. ನಮ್ಮ ಉದಾಹರಣೆಯಲ್ಲಿ ಅತಿ ದೊಡ್ಡ ಖಾಲಿ ಸುಮಾರು 150 ಡಿಗ್ರಿ, ಪರವಾಗಿಲ್ಲ. ಮೂರೂ ಒಂದೇ ಕಡೆ ಇದ್ದರೆ ವೃತ್ತಗಳು ಅಡ್ಡ ಹಾಯುವ ಬದಲು ಒಂದಕ್ಕೊಂದು ಸವರಿಕೊಂಡು ಹೋಗುತ್ತವೆ. ಉತ್ತರ ಸಿಕ್ಕಂತೆ ಕಾಣುತ್ತದೆ, ಆದರೆ ಅದು ಹತ್ತಾರು ಕಿಲೋಮೀಟರ್ ಆಚೀಚೆ ಜಾರಬಹುದು.

ಹಂತ 7: ಭೂಕಂಪ ಹುಟ್ಟಿದ ಹೊತ್ತು ಲೆಕ್ಕ ಹಾಕಿ, ಅದರಿಂದಲೇ ತಪ್ಪು ಹಿಡಿಯಿರಿ

ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಪಿ ಬಂದ ಸಮಯ, ಉದ್ದಕ್ಕೆ ಎಸ್–ಪಿ ಅಂತರ. ಮೂರು ಚುಕ್ಕೆ ಹಾಕಿ. ಲೆಕ್ಕ ಸರಿಯಿದ್ದರೆ ಮೂರೂ ಒಂದೇ ಗೆರೆಯ ಮೇಲೆ ಬರುತ್ತವೆ. ಜಪಾನಿನ ವದಾತಿ ಅನ್ನುವ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ವದಾತಿ ನಕ್ಷೆ ಅನ್ನುತ್ತಾರೆ. ಆ ಗೆರೆಯನ್ನು ಎಡಕ್ಕೆ ಎಳೆಯುತ್ತಾ ಹೋಗಿ, ಅಂತರ ಸೊನ್ನೆ ಆಗುವ ಜಾಗ ಭೂಕಂಪ ಹುಟ್ಟಿದ ಕ್ಷಣ. ಪಿ, ಎಸ್ ಎರಡೂ ಒಟ್ಟಿಗೆ ಹೊರಟ ಕ್ಷಣ ಅದು. ನಮ್ಮ ಉದಾಹರಣೆಯಲ್ಲಿ 10:15:00.

ಗೆರೆಯ ಇಳಿಜಾರು 0.73ರಿಂದ 0.75ರ ಸುತ್ತ ಇರಬೇಕು. ನಮ್ಮದು 0.75. ನಿಮ್ಮದು 0.5 ಅಥವಾ 1 ಬಂದರೆ ಯಾವುದೋ ಎಸ್ ತಪ್ಪಾಗಿದೆ.

ಈ ನಕ್ಷೆ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಒಂದು ಸ್ಟೇಷನ್ನಿನ ಗಡಿಯಾರ ಕೆಟ್ಟಿದೆ ಅಂದುಕೊಳ್ಳಿ. ಪಿ, ಎಸ್ ಎರಡೂ ಅಷ್ಟೇ ತಡವಾಗಿ ದಾಖಲಾಗುತ್ತವೆ. ಅಂತರ ಬದಲಾಗುವುದಿಲ್ಲ, ವೃತ್ತ ಸರಿಯಾಗಿಯೇ ಇರುತ್ತದೆ. ಆದರೆ ಇಲ್ಲಿ ಆ ಚುಕ್ಕೆ ಗೆರೆಯಿಂದ ಪಕ್ಕಕ್ಕೆ ಸರಿದು ಕೂತಿರುತ್ತದೆ. ವೃತ್ತಗಳು ಸೇರಿವೆ, ಚುಕ್ಕೆ ಮಾತ್ರ ಗೆರೆಯಲ್ಲಿಲ್ಲ ಅಂದರೆ ಗಡಿಯಾರವನ್ನು ನೋಡಿ.

ಹಂತ 8: ಮ್ಯಾಗ್ನಿಟ್ಯೂಡ್

ದೂರ ಸರಿಯಾಗುವವರೆಗೆ ಇಲ್ಲಿಗೆ ಬರಬೇಡಿ. ದೂರದ ಭೂಕಂಪ ದೊಡ್ಡದಾದರೂ ಗೆರೆ ಸಣ್ಣದಾಗಿರುತ್ತದೆ, ಹತ್ತಿರದ್ದು ಚಿಕ್ಕದಾದರೂ ಗೆರೆ ದೊಡ್ಡದಾಗಿರುತ್ತದೆ. ದೂರ ಗೊತ್ತಿಲ್ಲದೆ ಎತ್ತರ ನೋಡಿ ಏನೂ ಹೇಳಲಾಗದು.

ರಿಕ್ಟರ್ 1935ರಲ್ಲಿ ಹಾಕಿಕೊಟ್ಟ ಲೆಕ್ಕ ವುಡ್–ಆಂಡರ್ಸನ್ ಅನ್ನುವ ಒಂದು ಯಂತ್ರಕ್ಕೆ ಕಟ್ಟಿದ್ದು. 100 ಕಿಲೋಮೀಟರ್ ದೂರದಲ್ಲಿ ಆ ಯಂತ್ರದ ಗೆರೆ 1 ಮಿಲಿಮೀಟರ್ ಅಲುಗಿದರೆ ಮ್ಯಾಗ್ನಿಟ್ಯೂಡ್ 3. ಈಗಿನ ಯಂತ್ರಗಳು ಕೊಡುವುದು ಡಿಜಿಟಲ್ ಎಣಿಕೆ. ಅದನ್ನು ನೇರವಾಗಿ ಸೂತ್ರಕ್ಕೆ ಹಾಕಿದರೆ ಸಣ್ಣ ಕಂಪನಕ್ಕೂ 8, 9 ಬರುತ್ತದೆ. ಮೊದಲು ಯಂತ್ರದ ಗುಣವನ್ನು ತೆಗೆದು, 'ವುಡ್–ಆಂಡರ್ಸನ್ ಆಗಿದ್ದರೆ ಹೇಗೆ ಬರೆಯುತ್ತಿತ್ತು' ಅಂತ ಬದಲಾಯಿಸಿಕೊಳ್ಳಬೇಕು. ಒಬ್ಸ್‌ಪೈ ಇದನ್ನು ಮಾಡಿಕೊಡುತ್ತದೆ.

ಆಮೇಲೆ ಅಡ್ಡ ಗೆರೆಯಲ್ಲಿ ಅತಿ ಎತ್ತರದ ಅಲೆಯನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ನಡುಗೆರೆಯಿಂದ ಶಿಖರದವರೆಗೆ ಮಾತ್ರ. ಶಿಖರದಿಂದ ಕೆಳಗಿನ ತಳದವರೆಗೆ ಅಳೆದರೆ ಎರಡರಷ್ಟಾಗಿ ಮ್ಯಾಗ್ನಿಟ್ಯೂಡ್ 0.3 ಜಾಸ್ತಿ ಬರುತ್ತದೆ. ಎಲ್ಲರ ಉತ್ತರಕ್ಕಿಂತ ನಿಮ್ಮದು ಸರಿಯಾಗಿ 0.3 ಜಾಸ್ತಿ ಇದ್ದರೆ ಬೇರೆಲ್ಲೂ ಹುಡುಕಬೇಡಿ, ತಪ್ಪು ಇಲ್ಲೇ ಇದೆ.

ಸೂತ್ರ ಇದು: ಮ್ಯಾಗ್ನಿಟ್ಯೂಡ್ = ಲಾಗ್(ಎತ್ತರ, ಮಿ.ಮೀ.) + 3 × ಲಾಗ್(8 × ಎಸ್–ಪಿ ಅಂತರ) − 2.92

ಬೆಂಗಳೂರಿನಲ್ಲಿ ಎತ್ತರ 6 ಮಿಲಿಮೀಟರ್ ಅಂದುಕೊಳ್ಳಿ. ಲಾಗ್ 6 ಅಂದರೆ 0.78. ಲಾಗ್ 149 ಅಂದರೆ 2.173, ಅದರ ಮೂರರಷ್ಟು 6.52. ಕೂಡಿ 2.92 ಕಳೆದರೆ 4.38. ಮೈಸೂರಿನ 12 ಮಿಲಿಮೀಟರಿಗೆ 4.39. ಶಿವಮೊಗ್ಗದ 25 ಮಿಲಿಮೀಟರಿಗೆ 4.49. ಸರಾಸರಿ 4.4.

ಮೂರು ಉತ್ತರಗಳ ನಡುವೆ 0.1, 0.2 ವ್ಯತ್ಯಾಸ ಸಹಜ. ಬಂಡೆಯ ಮೇಲಿನ ಯಂತ್ರಕ್ಕಿಂತ ಕೆರೆ ಮುಚ್ಚಿದ ಮಣ್ಣಿನ ಮೇಲಿನ ಯಂತ್ರ ಜಾಸ್ತಿ ಅಲುಗುತ್ತದೆ. ವ್ಯತ್ಯಾಸ 0.5 ದಾಟಿದರೆ ಮಾತ್ರ ಅನುಮಾನ ಪಡಿ. ಇನ್ನೊಂದು ಮಿತಿ: ಈ ಸೂತ್ರದ ಸಂಖ್ಯೆಗಳು ಕ್ಯಾಲಿಫೋರ್ನಿಯಾದ ನೆಲದವು. ನಮ್ಮ ಹಳೆಯ ಗಟ್ಟಿ ಬಂಡೆಯಲ್ಲಿ ಅಲೆ ಅಷ್ಟು ಬೇಗ ಸೊರಗುವುದಿಲ್ಲ. ಅಭ್ಯಾಸಕ್ಕೆ ಸಾಕು, ಖಚಿತ ಲೆಕ್ಕಕ್ಕೆ ನಮ್ಮ ನೆಲದ ಸಂಖ್ಯೆಗಳೇ ಬೇಕು.

ಹಂತ 9: 6 ದಾಟಿದರೆ ಲೆಕ್ಕ ಬದಲಾಯಿಸಿ

ರಿಕ್ಟರ್ ಲೆಕ್ಕ 6.5–7ರ ಹತ್ತಿರ ಬಂದಾಗ ಮೇಲೇರುವುದನ್ನು ನಿಲ್ಲಿಸುತ್ತದೆ. ಅತಿ ದೊಡ್ಡ ಭೂಕಂಪದ ಶಕ್ತಿ ಉದ್ದುದ್ದ, ನಿಧಾನದ ಅಲೆಗಳಲ್ಲಿರುತ್ತದೆ. ವುಡ್–ಆಂಡರ್ಸನ್ ಯಂತ್ರ ಅವನ್ನು ಹಿಡಿಯುವುದಿಲ್ಲ. 2001ರ ಜನವರಿ 26ರ ಭುಜ್ ಭೂಕಂಪಕ್ಕೆ ನಮ್ಮ ಹವಾಮಾನ ಇಲಾಖೆ 6.9 ಅಂದಿತ್ತು. ಮುಂದೆ ಹೇಳುವ ಮೊಮೆಂಟ್ ಲೆಕ್ಕದಲ್ಲಿ ಅದು 7.7. ಸಂಖ್ಯೆಯಲ್ಲಿ 0.8 ಅಷ್ಟೇ, ಶಕ್ತಿಯಲ್ಲಿ ಸುಮಾರು 16 ಪಟ್ಟು. ಮ್ಯಾಗ್ನಿಟ್ಯೂಡ್ ಒಂದು ಏರಿದರೆ ಗೆರೆಯ ಎತ್ತರ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು ಏರುತ್ತದೆ.

ಮೊಮೆಂಟ್ ಮ್ಯಾಗ್ನಿಟ್ಯೂಡನ್ನು 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೊರಿ ಕೊಟ್ಟರು. ಇಲ್ಲಿ ಗೆರೆಯ ಎತ್ತರಕ್ಕಿಂತ ಬಿರುಕಿನ ಗಾತ್ರ ಮುಖ್ಯ. ಬಂಡೆಯ ಬಿಗಿ, ಜಾರಿದ ಭಾಗದ ವಿಸ್ತೀರ್ಣ, ಜಾರಿದ ದೂರ, ಈ ಮೂರನ್ನು ಗುಣಿಸಿ. ಅದರ ಲಾಗ್‌ನಿಂದ 9.1 ಕಳೆದು, 3ರಲ್ಲಿ 2 ಪಾಲು ತೆಗೆದುಕೊಳ್ಳಿ. 10 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲದ ಬಿರುಕು 1 ಮೀಟರ್ ಜಾರಿದರೆ, ಬಂಡೆಯ ಬಿಗಿ 3 × 10ರ ಘಾತ 10 ಪಾಸ್ಕಲ್ ಅಂತ ಹಿಡಿದರೆ, ಗುಣಲಬ್ಧ 3 × 10ರ ಘಾತ 18. ಲಾಗ್ 18.48. ಉತ್ತರ 6.25. ಕಿಲ್ಲಾರಿಯದು 6.2. ಜಯನಗರದಿಂದ ಹೆಬ್ಬಾಳದವರೆಗಿನ ಉದ್ದದಷ್ಟು ಬಿರುಕು, ಒಂದು ಮೀಟರ್ ಜಾರುವುದು ಅಂದರೆ ಎಂಥದ್ದು ಅಂತ ನಕ್ಷೆ ಮುಂದಿಟ್ಟು ಒಮ್ಮೆ ಯೋಚಿಸಿ.

ಕೇಂದ್ರಗಳ ಉತ್ತರದ ಜೊತೆ ಹೋಲಿಸುವಾಗ

ದಿಲ್ಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ವೃತ್ತ ಎಳೆಯುತ್ತಾ ಕೂರುವುದಿಲ್ಲ. ಕಂಪ್ಯೂಟರ್ ಮೊದಲು ಒಂದು ಜಾಗ, ಒಂದು ಆಳ, ಒಂದು ಸಮಯ ಊಹಿಸುತ್ತದೆ. ಅಲ್ಲಿಂದ ಪ್ರತಿ ಸ್ಟೇಷನ್ನಿಗೂ ಅಲೆ ಯಾವಾಗ ಬರಬೇಕಿತ್ತು ಅಂತ ಲೆಕ್ಕ ಹಾಕುತ್ತದೆ. ಬಂದದ್ದಕ್ಕೂ ಬರಬೇಕಾಗಿದ್ದಕ್ಕೂ ಇರುವ ವ್ಯತ್ಯಾಸ ಕಡಿಮೆ ಆಗುವ ಕಡೆಗೆ ಊಹೆಯನ್ನು ಸರಿಸುತ್ತದೆ. ಸರಿಸಿ ಸರಿಸಿ, ಇನ್ನು ಕಡಿಮೆ ಆಗದು ಅನ್ನುವಲ್ಲಿ ನಿಲ್ಲುತ್ತದೆ. ನಾವು ತ್ರಿಕೋನವನ್ನು ನೋಡಿದ ಹಾಗೆಯೇ.

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ ಇನ್ನೊಂದು ಉಪಾಯ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಯಂತ್ರಗಳು ಅಲ್ಲಿ 1960ರ ದಶಕದಿಂದ ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಸಾಲಾಗಿ ಕೂತಿವೆ. ಅಲೆ ಯಾವ ತುದಿಯ ಯಂತ್ರವನ್ನು ಮೊದಲು ಮುಟ್ಟಿತು, ಯಾವುದನ್ನು ಆಮೇಲೆ ಅನ್ನುವುದರಿಂದ ಅದು ಬಂದ ದಿಕ್ಕು ಒಂದೇ ಕಡೆ ಗೊತ್ತಾಗುತ್ತದೆ. ದೂರದೇಶದ ಅಣುಸ್ಫೋಟ ಪತ್ತೆ ಮಾಡುವುದಕ್ಕೆ ಕಟ್ಟಿದ್ದು ಅದು.

ವರದಿಯಲ್ಲಿ 'ಆಳ 10 ಕಿಲೋಮೀಟರ್' ಅಂತ ಪದೇ ಪದೇ ಕಾಣುತ್ತದಲ್ಲ, ಅದನ್ನು ಅಳೆದದ್ದು ಅಂತ ಎಲ್ಲ ಸಲವೂ ನಂಬಬೇಡಿ. ಹತ್ತಿರದಲ್ಲಿ ಸ್ಟೇಷನ್ ಇಲ್ಲದೇ ಇದ್ದರೆ ಆಳ ಹೇಳುವುದು ಕಷ್ಟ. ಆಗ 10 ಅಂತ ಹಿಡಿದು ಮಿಕ್ಕದ್ದನ್ನು ಲೆಕ್ಕ ಹಾಕುತ್ತಾರೆ. ಎರಡು ಕೇಂದ್ರಗಳು 4.1, 4.3 ಅಂತ ಬೇರೆ ಬೇರೆ ಹೇಳಿದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಬಳಸಿದ ಸ್ಟೇಷನ್ನು ಬೇರೆ, ಮ್ಯಾಗ್ನಿಟ್ಯೂಡಿನ ಬಗೆಯೂ ಬೇರೆ ಇರಬಹುದು.

ಹೋಲಿಕೆಗೆ ಒಂದೇ ನಿಯಮ: ನಿಮ್ಮ ಲೆಕ್ಕ ಮುಗಿದು ಹಾಳೆಯಲ್ಲಿ ಪೆನ್ನಿನಿಂದ ಬರೆದ ಮೇಲೆಯೇ ಅವರ ವರದಿ ತೆರೆಯಿರಿ. ಮೊದಲೇ ನೋಡಿದರೆ ಕಣ್ಣು ಆ ಉತ್ತರ ಬರುವ ಕಡೆಗೇ ಪಿ ಗುರುತು ಹಾಕುತ್ತದೆ. ಇದು ನನಗೂ ಆಗಿದೆ, ಒಂದು ಸಲವಲ್ಲ. ಹಳೆಯ ಹಾಳೆಗಳನ್ನು ಎಸೆಯಬೇಡಿ. ತಿಂಗಳು ಬಿಟ್ಟು ಅದೇ ಗೆರೆಗೆ ಮತ್ತೆ ಗುರುತು ಹಾಕಿ, ಮೊದಲಿನದಕ್ಕೆ ಪಕ್ಕದಲ್ಲಿ ಇಡಿ. ಎರಡರ ನಡುವೆ 0.3 ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಬರುವವರೆಗೂ ದೊಡ್ಡ, ಸ್ಪಷ್ಟ ಭೂಕಂಪಗಳಲ್ಲೇ ಕೈ ಪಳಗಿಸಿಕೊಳ್ಳಿ. ಆಮೇಲೆ 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಆದ, 3ರ ಆಸುಪಾಸಿನ ಎರಡು ಸಣ್ಣ ಕಂಪನಗಳಿಗೆ ಬನ್ನಿ. ಕೆಲವೇ ನಿಮಿಷಗಳ ಅಂತರದಲ್ಲಿ ಬಂದವು ಅವು. ಒಂದರ ಗುರುತನ್ನು ಇನ್ನೊಂದಕ್ಕೆ ಹಾಕದ ಹಾಗೆ ನೋಡಿಕೊಳ್ಳಿ.